ಸೋವಿಯತ್ ಎಂಬ ಮಾತು

1968ರಲ್ಲಿ ಬಸವರಾಜ ಕಟ್ಟೀಮನಿಯವರ ‘ಜ್ವಾಲಾಮುಖಿಯ ಮೇಲೆ’ ಕಾದಂಬರಿಗೆ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ ದೊರೆಯಿತು. ಗೋಕಾಕ ತಾಲೂಕಿನ ಮಲಾಮರಡಿಯಲ್ಲಿ 1919ರಲ್ಲಿ ಹುಟ್ಟಿ, ಪತ್ರಿಕೆಗಳಲ್ಲಿ ದುಡಿದು, ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆ ಕಂಡ ಲೇಖಕನಿಗೆ ದೂರದೇಶದ ಹೆಸರು ಹೊತ್ತ ಗೌರವ ಬಂದುದು ಆ ಸೀಮೆಗೆಲ್ಲ ಹೆಮ್ಮೆಯ ಸಂಗತಿಯೇ. ಆ ಪ್ರಶಸ್ತಿಯ ಹೆಸರಿನಲ್ಲಿ ಮೂರು ಮಾತುಗಳಿವೆ. ನೆಹರೂ ಯಾರೆಂಬುದು ಸಂತೆಗೆ ಬಂದ ರೈತನಿಗೂ ತಿಳಿದಿತ್ತು. ಲ್ಯಾಂಡ್ ಎಂದರೆ ಭೂಮಿ, ನಾಡು ಎಂಬುದನ್ನು ಒಂದೆರಡು ಇಂಗ್ಲಿಷ್ ಪುಸ್ತಕ ಓದಿದ ಹುಡುಗನೂ ಹೇಳಬಲ್ಲವನಾಗಿದ್ದ. ಸೋವಿಯತ್ ಎಂದರೇನು ಎಂದು ಕೇಳಿದರೆ ಮಾತ್ರ, ಓದಿದವರಿಂದಲೂ ಓದದವರಿಂದಲೂ ಒಂದೇ ಉತ್ತರ ಬರುತ್ತಿತ್ತು: ರಷ್ಯಾ.

ಆ ಉತ್ತರ ತಪ್ಪು. ಸೋವಿಯತ್ ಎಂಬುದು ದೇಶದ ಹೆಸರಲ್ಲ, ಜನಾಂಗದ ಹೆಸರೂ ಅಲ್ಲ. ಅದು ರಷ್ಯನ್ನರು ಮನೆಯಲ್ಲಿ, ಬೀದಿಯಲ್ಲಿ, ಆಸ್ಪತ್ರೆಯಲ್ಲಿ ದಿನವೂ ಬಳಸುವ ಒಂದು ಸಾಮಾನ್ಯ ಶಬ್ದ. ಇಂಗ್ಲಿಷಿನ ಕಾಗುಣಿತವನ್ನು ಹಿಡಿದು ಕನ್ನಡಿಗರು ಅದನ್ನು ಸೋವಿಯತ್ ಎಂದು ಬರೆದರು. ರಷ್ಯನ್ನರ ಬಾಯಲ್ಲಿ ಅದು ಹೆಚ್ಚುಕಡಿಮೆ ‘ಸವ್ಯೇತ್’. ಅದರ ಮೊದಲ ಅರ್ಥ ಸಲಹೆ, ಬುದ್ಧಿಮಾತು. ವೈದ್ಯನು ರೋಗಿಗೆ ಕೊಡುವುದೂ ಸವ್ಯೇತ್, ಅಜ್ಜಿ ಮೊಮ್ಮಗಳಿಗೆ ಹೇಳುವುದೂ ಸವ್ಯೇತ್. ಸಲಹೆ ಕೊಡಲು ಹತ್ತು ಜನ ಕೂಡಿ ಕುಳಿತರೆ ಆ ಕೂಟಕ್ಕೂ ಅದೇ ಹೆಸರು. ಇವೆರಡಕ್ಕಿಂತ ಸೊಗಸಾದ ಮೂರನೆಯ ಅರ್ಥವೊಂದುಂಟು: ಒಮ್ಮನಸ್ಸು, ಸಾಮರಸ್ಯ. ರಷ್ಯದ ಮದುವೆಗಳಲ್ಲಿ ಹಿರಿಯರು ವಧೂವರರನ್ನು ಹರಸುವಾಗ ನಿಮ್ಮ ನಡುವೆ ಸವ್ಯೇತ್ ಇರಲಿ, ಒಲುಮೆ ಇರಲಿ ಎನ್ನುವ ವಾಡಿಕೆ ಹಿಂದಿನಿಂದ ಬಂದಿದೆ. ಒಲುಮೆಗಿಂತ ಮೊದಲು ಸವ್ಯೇತ್ ಬರುವುದನ್ನು ಗಮನಿಸಬೇಕು. ಸಂಸಾರ ಬಲ್ಲವರೇ ಆ ಕ್ರಮವನ್ನು ಹಾಕಿಕೊಟ್ಟಿರಬೇಕು.

ಶಬ್ದವನ್ನು ಬಿಡಿಸಿ ನೋಡಿದರೆ ಅರ್ಥ ಇನ್ನೂ ತಿಳಿಯಾಗುತ್ತದೆ. ‘ಸೊ’ ಎಂಬುದು ಜೊತೆಗೆ, ಕೂಡಿ ಎಂಬ ಅರ್ಥದ ಉಪಸರ್ಗ. ‘ವೇತ್’ ಎಂಬುದು ಮಾತು, ಒಪ್ಪಂದ ಎಂಬ ಅರ್ಥದ ಹಳೆಯ ಸ್ಲಾವ್ ಶಬ್ದ. ಕೂಡಿ ಆಡಿದ ಮಾತೇ ಸವ್ಯೇತ್. ಸಂಸ್ಕೃತದ ‘ಸಂವಾದ’ವೂ ಇದೇ ಬಗೆಯಲ್ಲಿ ಕಟ್ಟಿದ್ದು, ಧಾತುಗಳು ಬೇರೆಯಾದರೂ ರಚನೆ ಒಂದೇ. ರಷ್ಯನ್ ಭಾಷೆಯಲ್ಲಿ ಉತ್ತರ ಎಂಬರ್ಥದ ‘ಅತ್ವೇತ್’, ನಮಸ್ಕಾರ ಎಂಬರ್ಥದ ‘ಪ್ರಿವೇತ್’ ಇದೇ ಬೇರಿನ ಚಿಗುರುಗಳು. ಪ್ರಾಚೀನ ನೊವ್ಗೊರೊದ್ ಪಟ್ಟಣದ ಪೌರಸಭೆಗೆ ‘ವೇಚೆ’ ಎಂಬ ಹೆಸರಿತ್ತು. ಅದೂ ಅದೇ ಬೇರಿನದು. ಗಂಟೆ ಬಾರಿಸಿದರೆ ಪಟ್ಟಣದ ಜನ ಸೇರುತ್ತಿದ್ದರು. 1478ರಲ್ಲಿ ಮಾಸ್ಕೋದ ದೊರೆ ಮೂರನೆಯ ಇವಾನನು ನೊವ್ಗೊರೊದನ್ನು ಗೆದ್ದಾಗ ಆ ಗಂಟೆಯನ್ನು ಇಳಿಸಿ ಮಾಸ್ಕೋಗೆ ಸಾಗಿಸಿದ. ಜನ ಕೂಡುವುದು ನಿಲ್ಲಬೇಕಾದರೆ ಮೊದಲು ಗಂಟೆಯ ನಾಲಗೆ ನಿಲ್ಲಬೇಕೆಂಬುದು ಆ ದೊರೆಗೆ ಚೆನ್ನಾಗಿ ತಿಳಿದಿತ್ತು.

ಇಂಥ ಮನೆವಾರ್ತೆಯ ಮಾತು ರಾಜಕೀಯಕ್ಕೆ ಬಂದದ್ದು ಹೇಗೆ? ಅರಮನೆಗೆ ಅದು ಮೊದಲೇ ಹೊಕ್ಕಿತ್ತು. 1810ರಲ್ಲಿ ಚಕ್ರವರ್ತಿ ಮೊದಲನೆಯ ಅಲೆಕ್ಸಾಂಡರನು ಸ್ಥಾಪಿಸಿದ ರಾಜ್ಯಸಲಹಾ ಮಂಡಲಿಯ ಹೆಸರಿನಲ್ಲಿಯೂ ಸವ್ಯೇತ್ ಇತ್ತು. ಅಲ್ಲಿ ಸಲಹೆ ಹೇಳುತ್ತಿದ್ದವರು ದೊರೆ ಆರಿಸಿದ ಶ್ರೀಮಂತರು. ಕೇಳುವುದು ಬಿಡುವುದು ದೊರೆಯ ಇಷ್ಟ. ಆ ಮಾತು ದುಡಿಯುವವರ ಕೈಗೆ ಬಂದದ್ದು 1905ರಲ್ಲಿ. ಅದು ನಡೆದದ್ದು ಒಂದು ನೂಲು-ನೇಯ್ಗೆಯ ಊರಿನಲ್ಲಿ.

ಗೋಕಾಕದ ಜಲಪಾತವನ್ನು ನೋಡಿದವರಿಗೆ ಆ ಊರನ್ನು ಕಲ್ಪಿಸಿಕೊಳ್ಳುವುದು ಕಷ್ಟವಾಗಲಾರದು. ಘಟಪ್ರಭೆ ನೂರೆಪ್ಪತ್ತು ಅಡಿಯಷ್ಟು ಕೆಳಗೆ ಧುಮುಕುವೆಡೆಯಲ್ಲಿ, ಆ ನೀರಿನ ಬಲವನ್ನೇ ನಂಬಿ 1880ರ ದಶಕದಲ್ಲಿ ಅರಳೆಯ ಗಿರಣಿಯೊಂದು ಎದ್ದಿತು. ಸುತ್ತಲ ಹಳ್ಳಿಗಳ ಜನ ನೇಗಿಲು ಬಿಟ್ಟು ಗಿರಣಿಯ ಭೋಂಗಾಕ್ಕೆ ಏಳುವವರಾದರು. ರಷ್ಯದ ಇವಾನೊವೊ ಅಂಥದೇ ಊರು, ಆದರೆ ಎಷ್ಟೋ ಪಾಲು ದೊಡ್ಡದು. ಅದಕ್ಕೆ ರಷ್ಯದ ಮ್ಯಾಂಚೆಸ್ಟರ್ ಎಂಬ ಬಿರುದೇ ಇತ್ತು. 1905ರ ಮೇ ತಿಂಗಳಲ್ಲಿ ಅಲ್ಲಿನ ಗಿರಣಿಗಳ ಕೂಲಿಕಾರರು ಎಂಟು ತಾಸಿನ ದಿನ ಬೇಕು, ಕೂಲಿ ಹೆಚ್ಚಬೇಕು ಎಂದು ಮುಷ್ಕರ ಹೂಡಿದರು. ಸಾವಿರಾರು ಮಂದಿ ಮಾಲೀಕರೊಡನೆ ಒಮ್ಮೆಗೇ ಮಾತಾಡಲಾಗದಷ್ಟೆ? ಗಿರಣಿ ಗಿರಣಿಗೂ ಪ್ರತಿನಿಧಿಗಳನ್ನು ಆರಿಸಿದರು. ಒಟ್ಟು ನೂರೈವತ್ತೊಂದು ಜನ. ಅವರಲ್ಲಿ ಇಪ್ಪತ್ತೈದು ಮಂದಿ ಹೆಂಗಸರು. ಊರೊಳಗೆ ಸೇರಬಾರದೆಂದು ಅಧಿಕಾರಿಗಳು ತಡೆದಾಗ ತಾಲ್ಕಾ ಎಂಬ ಪುಟ್ಟ ಹೊಳೆಯ ದಂಡೆಗೆ ಹೋಗಿ ಕುಳಿತರು. ಪ್ರತಿನಿಧಿಗಳು ಮಾತಾಡಿದ್ದನ್ನು ಅಲ್ಲಿಯೇ ನೆರೆದ ಜನಕ್ಕೆ ತಿಳಿಸಬೇಕು, ಜನ ಒಪ್ಪಿದರೆ ಮುಂದಿನ ಹೆಜ್ಜೆ. ಇತಿಹಾಸಕಾರರು ಮೊದಲ ಸೋವಿಯತ್ ಎಂದು ಎಣಿಸುವುದು ಈ ಹೊಳೆದಂಡೆಯ ಕೂಟವನ್ನು. ಸಿದ್ಧಾಂತಿಗಳ ಗ್ರಂಥದಿಂದ ಅದು ಇಳಿದು ಬಂದುದಲ್ಲ; ಕೂಲಿಯ ಲೆಕ್ಕದಿಂದ ಹುಟ್ಟಿತು. ಆ ವರ್ಷದ ಅಕ್ಟೋಬರದಲ್ಲಿ ರಾಜಧಾನಿ ಸೇಂಟ್ ಪೀಟರ್ಸ್‌ಬರ್ಗಿನ ಕಾರ್ಮಿಕರು ಇದೇ ಬಗೆಯ ಸಭೆ ಕಟ್ಟಿದರು. ಐವತ್ತು ದಿನಗಳ ಮೇಲೆ ಸರ್ಕಾರ ಸದಸ್ಯರನ್ನು ಸೆರೆಹಿಡಿಯಿತು. ಕೂಟ ಚೆದುರಿದರೂ ಹೆಸರು ಉಳಿಯಿತು.

ವಿಶೇಷವೆಂದರೆ ಅದೇ 1905ರ ಮೇ ತಿಂಗಳಲ್ಲಿಯೇ, ಅಂದಿನ ಧಾರವಾಡ ಜಿಲ್ಲೆಯ ಗದಗಿನ ಹತ್ತಿರ ಕಣಗಿನಹಾಳ ಎಂಬ ಹಳ್ಳಿಯಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘ ನೋಂದಣಿಯಾಯಿತು. ಭಾರತದಲ್ಲಿ ಅಂಥ ಸಂಘಗಳಿಗೆ ಅದೇ ಮೊದಲು. ಒಂದು ಮುಷ್ಕರ, ಇನ್ನೊಂದು ಸಾಲದ ವ್ಯವಸ್ಥೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಆದರೆ ಹೊಳೆದಂಡೆಯ ನೂಲುವವರಿಗೂ ಎರೆಹೊಲದ ಒಕ್ಕಲಿಗರಿಗೂ ಹೊಳೆದ ವಿಚಾರ ಒಂದೇ: ಒಬ್ಬೊಬ್ಬರೇ ಹೋಗಿ ಬಾಗಿಲಲ್ಲಿ ನಿಲ್ಲುವುದಕ್ಕಿಂತ ಕೂಡಿ ಕುಳಿತು ಯೋಚಿಸುವುದು ಲೇಸು.

1917ರಲ್ಲಿ ಚಕ್ರವರ್ತಿಯ ಆಳ್ವಿಕೆ ಕುಸಿದಾಗ ರಷ್ಯದ ಊರೂರುಗಳಲ್ಲಿ ಕಾರ್ಮಿಕರ, ಸೈನಿಕರ, ರೈತರ ಸೋವಿಯತ್ತುಗಳು ಎದ್ದವು. ಅಧಿಕಾರವೆಲ್ಲ ಸೋವಿಯತ್ತುಗಳಿಗೆ ಸೇರಲಿ ಎಂಬುದು ಬೊಲ್ಶೆವಿಕರ ಘೋಷಣೆಯಾಯಿತು. ಬೊಲ್ಶೆವಿಕ್ ಎಂಬ ಹೆಸರಿನ ಕಥೆಯೂ ತಮಾಷೆಯದೇ. 1903ರ ಪಕ್ಷದ ಅಧಿವೇಶನದಲ್ಲಿ ಒಂದು ಮತದಾನದಲ್ಲಿ ಮುಂದಾದವರು ತಮ್ಮನ್ನು ‘ಬಹುಸಂಖ್ಯಾತರು’ ಎಂದು ಕರೆದುಕೊಂಡರು, ಆಮೇಲೆ ಸಂಖ್ಯೆ ಇಳಿದಾಗಲೂ ಹೆಸರನ್ನು ಬಿಡಲಿಲ್ಲ. ಆ ಘೋಷಣೆಯ ಬಲದಿಂದಲೇ ಅವರು ಅಕ್ಟೋಬರದಲ್ಲಿ ಅಧಿಕಾರಕ್ಕೆ ಬಂದರು. ಅಲ್ಲಿಂದ ಮುಂದೆ ಆದದ್ದು ಕಹಿಯಾದ ಕಥೆ. ಸೋವಿಯತ್ತುಗಳ ಹೆಸರಿನಲ್ಲಿ ಅಧಿಕಾರ ಬಂತು, ಆದರೆ ಅದು ಸೋವಿಯತ್ತುಗಳಲ್ಲಿ ನಿಲ್ಲಲಿಲ್ಲ. ಪಕ್ಷದ ಕಚೇರಿಗೆ ಹೋಯಿತು. 1921ರ ಮಾರ್ಚಿಯಲ್ಲಿ ಕ್ರೊನ್‌ಸ್ಟಾಟ್ ದ್ವೀಪದ ನಾವಿಕರು, ಕ್ರಾಂತಿಗಾಗಿ ಹೋರಾಡಿದವರೇ, ಠರಾವು ಮಾಡಿದರು: ಈಗಿನ ಸೋವಿಯತ್ತುಗಳು ಕಾರ್ಮಿಕ ರೈತರ ಇಚ್ಛೆಯನ್ನು ತೋರಿಸುತ್ತಿಲ್ಲ, ಗುಪ್ತ ಮತದಾನದಿಂದ ಹೊಸ ಚುನಾವಣೆ ನಡೆಯಲಿ, ಮಾತಾಡುವ ಸ್ವಾತಂತ್ರ್ಯ ಬೇಕು. ಹೆಪ್ಪುಗಟ್ಟಿದ ಕೊಲ್ಲಿಯ ಮೇಲೆ ನಡೆದು ಬಂದ ಸೈನ್ಯ ಅವರನ್ನು ಅಡಗಿಸಿತು. ಸೋವಿಯತ್ ಬೇಕು ಎಂದವರನ್ನು ಸೋವಿಯತ್ ಸರ್ಕಾರವೇ ಕೊಂದಿತು.

ಮರುವರ್ಷ, 1922ರ ಡಿಸೆಂಬರ್ 30ರಂದು ಸೋವಿಯತ್ ಸಮಾಜವಾದಿ ಗಣರಾಜ್ಯಗಳ ಒಕ್ಕೂಟ ಹುಟ್ಟಿತು. ಆ ಹೆಸರಿನಲ್ಲಿ ನಾಡಿನ ಹೆಸರಿಲ್ಲ, ನದಿ ಬೆಟ್ಟಗಳಿಲ್ಲ, ಜನಾಂಗವಿಲ್ಲ. ಜಗತ್ತಿನ ಯಾವ ಮೂಲೆಗಾದರೂ ಹೊಂದುವ ಹೆಸರು. ಶಾಲೆಗಳು ತೆರೆದವು, ಅಕ್ಷರ ಹರಡಿತು, ಹಳ್ಳಿಗೆ ದೀಪ ಬಂತು. ಇದನ್ನು ಮರೆಮಾಚುವುದು ನ್ಯಾಯವಲ್ಲ. ಆದರೆ 1937ರಿಂದ ಅಲ್ಲಿ ನಡೆದ ಸರ್ವೋಚ್ಚ ಸೋವಿಯತ್ತಿನ ಚುನಾವಣೆಗಳಲ್ಲಿ ಒಂದು ಸ್ಥಾನಕ್ಕೆ ಒಬ್ಬನೇ ಅಭ್ಯರ್ಥಿ. ಸಭೆಯಲ್ಲಿ ಎಲ್ಲ ಕೈಗಳೂ ಒಟ್ಟಿಗೆ ಏಳುತ್ತಿದ್ದವು. ಕೂಡಿ ಆಡುವ ಮಾತಿಗೆ ಸವ್ಯೇತ್ ಎಂದಿದ್ದ ಜನ, ಕೂಡಿ ಸುಮ್ಮನಿರುವುದಕ್ಕೂ ಅದೇ ಹೆಸರನ್ನು ಬಳಸಬೇಕಾಯಿತು. ಒಬ್ಬರಿಗಿಂತ ಹೆಚ್ಚು ಜನ ನಿಂತು ಸ್ಪರ್ಧಿಸಿದ ದೇಶವ್ಯಾಪಿ ಚುನಾವಣೆ ನಡೆದದ್ದು 1989ರಲ್ಲಿ. 1991ರ ಡಿಸೆಂಬರಿನಲ್ಲಿ ಒಕ್ಕೂಟವೇ ಇಲ್ಲವಾಯಿತು.

ಇಷ್ಟೆಲ್ಲ ನಡೆಯುತ್ತಿದ್ದಾಗ ಕನ್ನಡದಲ್ಲಿ ಸೋವಿಯತ್ ಎಂಬ ಮಾತು ಏನಾಗಿತ್ತು? ಪತ್ರಿಕೆಗಳ ಮೂಲಕ, ರೇಡಿಯೋ ವಾರ್ತೆಗಳ ಮೂಲಕ ಅದು ಬಂತು. ಮಾಸ್ಕೋದಲ್ಲಿ ಅಚ್ಚಾದ ಕನ್ನಡ ಪುಸ್ತಕಗಳು ನುಣುಪಾದ ಕಾಗದದಲ್ಲಿ, ಬಡ ವಿದ್ಯಾರ್ಥಿಗೂ ಎಟಕುವ ಬೆಲೆಗೆ ಸಿಕ್ಕವು. 1971ರ ಆಗಸ್ಟಿನಲ್ಲಿ ಎರಡು ದೇಶಗಳ ನಡುವೆ ಮೈತ್ರಿಯ ಒಪ್ಪಂದವಾದ ಮೇಲಂತೂ ಆ ಶಬ್ದ ಮನೆಮಾತಾಯಿತು. ಒಲಿದವರಿಗೆ ಅದು ಮಂತ್ರ, ಒಲಿಯದವರಿಗೆ ಬೈಗುಳ. ಇಬ್ಬರಲ್ಲಿ ಯಾರೂ ಅದನ್ನು ಕನ್ನಡಿಸಲಿಲ್ಲ. ರಿಪಬ್ಲಿಕ್ ಗಣರಾಜ್ಯವಾಯಿತು, ಯೂನಿಯನ್ ಒಕ್ಕೂಟವಾಯಿತು, ಸೋಷಲಿಸ್ಟ್ ಸಮಾಜವಾದಿಯಾಯಿತು; ನಡುವೆ ಸೋವಿಯತ್ ಒಂದೇ ಬೇಯದ ಕಾಳಿನಂತೆ ಉಳಿಯಿತು. ಅನುವಾದಕರ ಕಷ್ಟ ಅರ್ಥವಾಗತಕ್ಕದ್ದೇ. ಅವರಿಗೆ ಬಂದದ್ದು ಇಂಗ್ಲಿಷಿನಿಂದ, ಇಂಗ್ಲಿಷಿನವರೇ ಅದನ್ನು ಅನುವಾದಿಸದೆ ಹಾಗೆಯೇ ಇಟ್ಟುಕೊಂಡಿದ್ದರು. ಆದರೂ ಅದೊಂದು ನಷ್ಟವೆಂದೇ ಹೇಳಬೇಕು. ಅರ್ಥ ತಿಳಿಯದ ಹೆಸರನ್ನು ಮೆಚ್ಚಬಹುದು ಅಥವಾ ದ್ವೇಷಿಸಬಹುದು, ಪ್ರಶ್ನಿಸಲಾಗುವುದಿಲ್ಲ.

ಬೇಕಾದ ಮಾತು ದೂರವಿರಲಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಆಡುನುಡಿಯಲ್ಲಿ ‘ದೈವ’ ಎಂಬುದಕ್ಕೆ ವಿಧಿ, ದೇವರು ಎಂಬ ನಿಘಂಟಿನ ಅರ್ಥಗಳಲ್ಲದೆ ಇನ್ನೊಂದು ಅರ್ಥವಿದೆ. ಕೂಡಿ ಕುಳಿತ ಊರಿನ ಜನವೇ ದೈವ. ಜಾತ್ರೆಯ ತೇರು ಎಳೆಯುವ ಮಾತಿರಲಿ, ಕೆರೆಯ ಹೂಳಿನ ಮಾತಿರಲಿ, ಅಣ್ಣತಮ್ಮಂದಿರ ಬದುವಿನ ವ್ಯಾಜ್ಯವಿರಲಿ, ‘ದೈವ ಕೂಡಿಸಬೇಕು’ ಎನ್ನುತ್ತಾರೆ. ‘ದೈವ ಹೇಳಿದ್ಹಾಂಗ’ ಎಂದು ತಲೆಬಾಗುತ್ತಾರೆ. ಮೂಡಲಗಿ ತಾಲೂಕಿನ ಕುಲಗೋಡದ ತಮ್ಮಣ್ಣನಿಂದ ಮೆರುಗು ಪಡೆದ ಶ್ರೀಕೃಷ್ಣ ಪಾರಿಜಾತದ ಆಟವಾಗಲಿ, ಗೀಗೀ ಮೇಳವಾಗಲಿ, ಹಾಡುವವರು ಮುಂದೆ ಕುಳಿತ ದೈವಕ್ಕೆ ಕೈಮುಗಿಯುತ್ತಾರೆ. ಅಲ್ಲಿ ಕೈ ಮುಗಿಯುವುದು ಗುಡಿಯ ಮೂರ್ತಿಗಲ್ಲ, ಜನಕ್ಕೆ. ಕೂಡಿ ಕುಳಿತವರಲ್ಲಿ ಒಬ್ಬೊಬ್ಬರಿಗಿಂತ ಮೇಲಾದುದೇನೋ ಇರುತ್ತದೆಂಬ ನಂಬಿಕೆಯನ್ನು ಇಷ್ಟು ಚಿಕ್ಕದಾಗಿ ಹೇಳುವ ಶಬ್ದ ರಷ್ಯನ್ ಭಾಷೆಯಲ್ಲಿಯೂ ಇದ್ದಂತಿಲ್ಲ.

ಸೋವಿಯತ್ ಎಂದರೆ ದೈವ ಎಂದು ಯಾರಾದರೂ ಆ ದಿನಗಳಲ್ಲಿ ಹೇಳಿದ್ದರೆ ಗೋಕಾಕದ ರೈತ ಸುಮ್ಮನೆ ತಲೆದೂಗುತ್ತಿರಲಿಲ್ಲ. ಆ ದೈವದಾಗ ಯಾರ‍್ಯಾರು ಕುಂದರತಾರ? ಒಲ್ಲೆ ಅನ್ನಾಕ ಬರತೈತೇನು? ಎಂದು ಕೇಳುತ್ತಿದ್ದ. ದೊಡ್ಡ ದೊಡ್ಡ ಪಂಡಿತರು ಕೇಳದೆ ಬಿಟ್ಟ ಪ್ರಶ್ನೆಗಳು ಅವು. ಅದೇ ಪ್ರಶ್ನೆ ತನ್ನ ಊರಿನ ದೈವಕ್ಕೂ ತಾಗುತ್ತದೆಂಬುದನ್ನು ಮಾತ್ರ ಅವನು ಆಗ ನೆನೆಯುತ್ತಿದ್ದನೋ ಇಲ್ಲವೋ. ಹಳೆಯ ದೈವದಲ್ಲಿ ಕಟ್ಟೆಯ ಮೇಲೆ ಕುಳಿತವರು ಗೌಡರು, ಕುಲಕರ್ಣಿಗಳು, ಉಳ್ಳವರು. ಹೊಲಗೇರಿಯವರು ಕೆಳಗೆ ದೂರ ನಿಂತಿದ್ದರು. ಹೆಂಗಸರು ಅತ್ತ ಸುಳಿಯುತ್ತಲೇ ಇರಲಿಲ್ಲ. ತಾಲ್ಕಾ ಹೊಳೆಯ ದಂಡೆಯಲ್ಲಿ 1905ರಲ್ಲಿಯೇ ಇಪ್ಪತ್ತೈದು ಹೆಂಗಸರು ಪ್ರತಿನಿಧಿಗಳಾಗಿ ಕುಳಿತಿದ್ದುದನ್ನು ಇಲ್ಲಿ ಮತ್ತೆ ನೆನೆಯುವುದು ಉಚಿತ.

ಊರಿನ ಹೆಸರೊಂದು ರಾಜಕೀಯದ ಮಾತಾಗಿ ಮೂಲದಿಂದ ದೂರ ಸಾಗುವುದನ್ನು ಗೋಕಾಕವೇ ಕಂಡಿದೆ. ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರಿಗೆ ಊರು ಮನೆತನದ ಹೆಸರಾಗಿ ಬಂದಿತ್ತು. 1980ರಲ್ಲಿ ನೇಮಕವಾದ ಭಾಷಾ ಸಮಿತಿಗೆ ಅವರು ಅಧ್ಯಕ್ಷರಾದರು. 1981ರ ಜನವರಿಯಲ್ಲಿ ವರದಿ ಕೊಟ್ಟರು. ಪ್ರೌಢಶಾಲೆಗಳಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಬೇಕೆಂಬ ಆ ವರದಿ ಜಾರಿಯಾಗಲೆಂದು 1982ರಲ್ಲಿ ನಾಡೆಲ್ಲ ಎದ್ದಾಗ ‘ಗೋಕಾಕ’ ಎಂಬುದು ಘೋಷಣೆಯಾಯಿತು. ಬೆಂಗಳೂರು, ಮೈಸೂರುಗಳ ಬೀದಿಯಲ್ಲಿ ಅದನ್ನು ಕೂಗಿದವರಲ್ಲಿ ಎಷ್ಟೋ ಜನ ಘಟಪ್ರಭೆಯನ್ನು ಕಂಡವರಲ್ಲ, ಕರದಂಟು ತಿಂದವರಲ್ಲ. ಅದರಿಂದ ಚಳವಳಿಗೆ ಊನವೇನೂ ಆಗಲಿಲ್ಲ. ಊರಿನ ಹೆಸರಿಗೆ ಅರ್ಥ ಬದಲಾದರೆ ಯಾರಿಗೂ ಹಾನಿಯಿಲ್ಲ. ಕೂಡಿ ಮಾತಾಡುವುದು ಎಂಬರ್ಥದ ಶಬ್ದಕ್ಕೆ ಅರ್ಥ ಬದಲಾದರೆ ಹಾನಿಯುಂಟು. ಎರಡೂ ಒಂದೇ ಬಗೆಯ ಪಯಣವಲ್ಲ.

ಹುಕ್ಕೇರಿಯ ಉದಾಹರಣೆ ಇನ್ನೂ ಹತ್ತಿರದ್ದು. ಸೋವಿಯತ್ ಆಡಳಿತಕ್ಕೆ ದೇಶದ ವಿದ್ಯುದೀಕರಣವನ್ನು ಕೂಡಿಸಿದರೆ ಸಾಮ್ಯವಾದ ಆಗುತ್ತದೆಂದು 1920ರಲ್ಲಿ ಲೆನಿನ್ ಒಂದು ಲೆಕ್ಕ ಹೇಳಿದ್ದ. ಅಲ್ಲಿ ವಿದ್ಯುತ್ತು ಬಂತು, ಕೂಡಿಸಬೇಕಾಗಿದ್ದ ಇನ್ನೊಂದು ಸಂಖ್ಯೆ ಸೋರಿಹೋಯಿತು. ಲೆನಿನ್ನನ ಲೆಕ್ಕವನ್ನು ಓದದ ಹುಕ್ಕೇರಿಯ ಜನ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಕಟ್ಟಿಕೊಂಡರು. ಭಾರತದಲ್ಲಿ ಪ್ರಯೋಗವಾಗಿ ಮೊದಲು ಆರಂಭವಾದ ಐದು ಸಂಘಗಳಲ್ಲಿ ಅದೊಂದು. ಕರ್ನಾಟಕದ ಉಳಿದೆಡೆ ಸರ್ಕಾರಿ ಕಂಪನಿಗಳು ವಿದ್ಯುತ್ ಹಂಚುತ್ತಿರುವಾಗ ಅಲ್ಲಿ ಸದಸ್ಯರ ಸಂಘವೇ ಇಂದಿಗೂ ಆ ಕೆಲಸ ಮಾಡುತ್ತಿದೆ. ತೋಟದ ಪಂಪಿಗೆ ಕರೆಂಟು ಕೊಡುವ ಸಂಸ್ಥೆಯ ಆಡಳಿತ ಮಂಡಳಿಯನ್ನು ಆ ತೋಟದವನೇ ಮತ ಹಾಕಿ ಆರಿಸುತ್ತಾನೆ. ಆ ಚುನಾವಣೆಗೆ ಶಾಸನಸಭೆಯ ಚುನಾವಣೆಯಷ್ಟೇ ಕಾವು ಏರುವುದುಂಟು. ಕಾವಿನಲ್ಲಿ ಒಣಜಂಬವೂ ಇರುತ್ತದೆ, ಮನೆತನಗಳ ಪೈಪೋಟಿಯೂ ಇರುತ್ತದೆ. ಒಬ್ಬನೇ ಅಭ್ಯರ್ಥಿಯಿರುವ ತಣ್ಣನೆಯ ಚುನಾವಣೆಗಿಂತ ಅದು ವಾಸಿ.

ಇಂಥ ಸಂಘಗಳ ಹೆಸರಿನಲ್ಲಿಯೂ ಅರ್ಥ ಸವೆಯಬಲ್ಲುದು ಎಂಬುದಕ್ಕೆ ಪಂಚಾಯತಿಯೇ ಸಾಕ್ಷಿ. ಐವರು ಕೂಡಿ ತೀರ್ಮಾನಿಸುವುದು ಎಂಬುದು ಅದರ ಮೂಲ. ಈಗ ಅದೇ ಸೀಮೆಯಲ್ಲಿ ‘ನಿನಗ್ಯಾಕ ಬೇಕು ಊರ ಪಂಚಾಯ್ತಿ’ ಎಂದರೆ ಇಲ್ಲದ ಉಸಾಬರಿ ಎಂದರ್ಥ. ಇನ್ನೊಂದು ಬಳಕೆಯಲ್ಲಿ ಪಂಚಾಯತಿ ಎಂದರೆ ಒಂದು ಕಟ್ಟಡ, ಅಲ್ಲಿ ಕುಳಿತ ಒಬ್ಬ ಕಾರ್ಯದರ್ಶಿ, ಒಂದು ಮುದ್ರೆ. ಕರ್ನಾಟಕದ 1983ರ ಕಾಯಿದೆ, ಅದರಂತೆ 1987ರ ಜನವರಿಯಲ್ಲಿ ನಡೆದ ಚುನಾವಣೆ, ಅದಕ್ಕಾಗಿ ಶ್ರಮಿಸಿದ ಅಬ್ದುಲ್ ನಜೀರ್‌ಸಾಬ್, ಅನಂತರ 1993ರ ಪಂಚಾಯತ್ ರಾಜ್ ಕಾಯಿದೆ, ಇವೆಲ್ಲ ಆ ಮಾತಿಗೆ ಹೋದ ಅರ್ಥವನ್ನು ಮರಳಿ ತರುವ ಪ್ರಯತ್ನಗಳು. ಕಟ್ಟೆಯತ್ತ ಸುಳಿಯದಿದ್ದ ಹೆಂಗಸರಿಗೆ 1983ರ ಕಾಯಿದೆ ನಾಲ್ಕರಲ್ಲಿ ಒಂದು ಪಾಲು ಸ್ಥಾನ ಕೊಟ್ಟಿತು. ಈಗ ಅದು ಅರ್ಧಕ್ಕೆ ಏರಿದೆ. ಎಲ್ಲ ಮತದಾರರೂ ಸೇರುವ ಗ್ರಾಮಸಭೆಯನ್ನೂ ಕಾನೂನು ಒದಗಿಸಿದೆ. ಹೊಳೆದಂಡೆಯ ಕೂಟಕ್ಕೆ ಅತಿ ಸಮೀಪವಾದುದು ಅದೇ. ಅಲ್ಲಿ ಜನ ಬಂದು ಮಾತಾಡಿದರೆ ಅದು ದೈವ. ಬಾರದ ಜನರ ಸಹಿಗಳನ್ನು ಮನೆಮನೆಗೆ ಹೋಗಿ ಪುಸ್ತಕದಲ್ಲಿ ಪಡೆದುಕೊಂಡರೆ ಅದು 1937ರ ಸೋವಿಯತ್ತಿನ ಚಿಕ್ಕಮ್ಮನ ಮಗಳು.

ಕಾಯಿದೆಯಿಲ್ಲದೆಯೂ ಜನ ಕೂಡುವುದುಂಟು. 2025ರ ಅಕ್ಟೋಬರ್ ಕೊನೆಯಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ದರ ಬೇಕೆಂದು ಹೆದ್ದಾರಿಯಲ್ಲಿ ಕುಳಿತರು. ನೂರಾರು ಮಂದಿ ಸಾವಿರಾರು ಆದರು. ನವೆಂಬರ್ ಮೊದಲ ವಾರದಲ್ಲಿ ಸರ್ಕಾರ ಕಾರ್ಖಾನೆಯವರನ್ನೂ ರೈತರನ್ನೂ ಕರೆಸಿ ಮಾತಾಡಿ 3,300 ರೂಪಾಯಿ ಗೊತ್ತುಪಡಿಸಿತು. ಕೇಳಿದ್ದಕ್ಕಿಂತ ಇನ್ನೂರು ಕಡಿಮೆ. ಬೆಂಗಳೂರಿನಲ್ಲಿ ತೀರ್ಮಾನವಾದ ಮಾತ್ರಕ್ಕೆ ಗುರ್ಲಾಪುರದ ರಸ್ತೆ ತೆರವಾಗಲಿಲ್ಲ. ಮಂತ್ರಿಗಳು ಆದೇಶ ಹಿಡಿದು ಅಲ್ಲಿಗೇ ಬರಬೇಕಾಯಿತು. ಕುಳಿತ ದೈವ ಒಪ್ಪಿದ ಮೇಲೆ ಜನ ಎದ್ದರು, ಕಬ್ಬಿನ ಟ್ರ್ಯಾಕ್ಟರುಗಳು ಕಾರ್ಖಾನೆಗಳ ದಾರಿ ಹಿಡಿದವು.